ಒಸಾಕಾದ ಬೀದಿಯಲ್ಲಿ ಕ್ಯಾಮೆರಾ ಬಚ್ಚಿಡಬೇಡಿ

ಪ್ರಶ್ನೆ: ನಾನು ಧಾರವಾಡದವನು. ನವೆಂಬರ್ ಕೊನೆಯಲ್ಲಿ ಕಂಪನಿಯ ಕೆಲಸದ ಮೇಲೆ ಎರಡು ವಾರ ಜಪಾನಿನ ಒಸಾಕಾಕ್ಕೆ ಹೋಗುತ್ತಿದ್ದೇನೆ. ಛಾಯಾಗ್ರಾಹಕ ಟಿ.ಎಸ್. ಸತ್ಯನ್ ಅವರ ಚಿತ್ರಗಳನ್ನು ನೋಡಿ ಕ್ಯಾಮೆರಾ ಹಿಡಿದವನು ನಾನು. ಜನ ತಮ್ಮ ಪಾಡಿಗೆ ತಾವಿರುವಾಗ ತೆಗೆದ, ಪೋಸು ಇಲ್ಲದ ಚಿತ್ರಗಳೇ ನನಗೆ ಇಷ್ಟ. ಜಪಾನಿನಲ್ಲಿ ಅಪರಿಚಿತರ ಫೋಟೊ ತೆಗೆಯುವುದು ಅಪರಾಧ ಎಂದು ಕೆಲವರು ಹೇಳುತ್ತಾರೆ, ಏನೂ ತೊಂದರೆಯಿಲ್ಲ ಎಂದು ಇನ್ನು ಕೆಲವರು. ಯಾವುದು ನಿಜ? ಜನರ ಗಮನಕ್ಕೆ ಬಾರದಂತೆ ತೆಗೆಯುವುದು ಹೇಗೆ? ನನ್ನಲ್ಲಿರುವುದು 23 ಎಂಎಂ ಲೆನ್ಸಿನ ಒಂದು ಸಣ್ಣ ಎಪಿಎಸ್-ಸಿ (ಮಧ್ಯಮ ಗಾತ್ರದ ಸೆನ್ಸರಿನ) ಕ್ಯಾಮೆರಾ. ಎಲ್ಲಿಗೆ ಹೋಗಲಿ? ಆ ಚಿತ್ರಗಳನ್ನು ಇನ್‌ಸ್ಟಾಗ್ರಾಮಿನಲ್ಲಿ ಹಾಕಬಹುದೇ, ಸ್ಪರ್ಧೆಗಳಿಗೆ ಕಳುಹಿಸಬಹುದೇ?

ಉತ್ತರ: ನಿಮ್ಮ ಎರಡನೆಯ ಪ್ರಶ್ನೆಯನ್ನು ಮೊದಲು ಎತ್ತಿಕೊಳ್ಳುತ್ತೇನೆ. ಉಳಿದ ಉತ್ತರಗಳೆಲ್ಲ ಅದರ ಮೇಲೆಯೇ ನಿಂತಿವೆ. ಗಮನಕ್ಕೆ ಬಾರದಂತೆ ತೆಗೆಯುವ ಉಪಾಯಗಳು ಬೇಕಾದಷ್ಟಿವೆ: ಕ್ಯಾಮೆರಾವನ್ನು ಸೊಂಟದ ಮಟ್ಟದಲ್ಲಿ ಹಿಡಿದು ಬೇರೆಲ್ಲೋ ನೋಡುತ್ತ ಗುಂಡಿ ಒತ್ತುವುದು, ಮೊಬೈಲಿನಲ್ಲಿ ಸಂದೇಶ ಓದುವವರಂತೆ ನಟಿಸುವುದು, ರಸ್ತೆಯ ಆಚೆ ಬದಿಯಿಂದ ಉದ್ದನೆಯ ಲೆನ್ಸಿನಲ್ಲಿ ಎಳೆದುಕೊಳ್ಳುವುದು. ಇವುಗಳಲ್ಲಿ ಒಂದನ್ನೂ ಜಪಾನಿಗೆ ಒಯ್ಯಬೇಡಿ. ಎದೆಯ ಮೇಲೆ ತೂಗುತ್ತಿರುವ ಕ್ಯಾಮೆರಾ ಕಂಡು ಒಸಾಕಾದಲ್ಲಿ ಯಾರೂ ಬೆಚ್ಚುವುದಿಲ್ಲ. ಬಚ್ಚಿಟ್ಟ ಕ್ಯಾಮೆರಾ ಕಂಡರೆ ಯಾರೂ ಸುಮ್ಮನಿರುವುದೂ ಇಲ್ಲ.

ಇದಕ್ಕೆ ಕಾರಣವಿದೆ. ರೈಲಿನಲ್ಲಿ, ಎಸ್ಕಲೇಟರಿನಲ್ಲಿ ಹೆಂಗಸರ ಉಡುಪಿನೊಳಗಿನ ಚಿತ್ರವನ್ನು ಕದ್ದು ತೆಗೆಯುವ ಹೇಯ ಪಿಡುಗಿನೊಂದಿಗೆ ಜಪಾನ್ ದಶಕಗಳಿಂದ ಹೋರಾಡುತ್ತಿದೆ. ಪ್ರತಿಯೊಂದು ಪ್ರಾಂತವೂ ಸಾರ್ವಜನಿಕ ಕಿರುಕುಳದ ವಿರುದ್ಧ ತನ್ನದೇ ಕಟ್ಟಳೆ ಮಾಡಿಕೊಂಡಿತ್ತು. ಅದು ಸಾಲದೆ 2023ರ ಜುಲೈ 13ರಿಂದ ಇಡೀ ದೇಶಕ್ಕೆ ಅನ್ವಯಿಸುವ ಪ್ರತ್ಯೇಕ ಕಾನೂನು ಜಾರಿಗೆ ಬಂತು. ಅದರಡಿ ಇಂಥ ಕೃತ್ಯಕ್ಕೆ ಮೂರು ವರ್ಷದವರೆಗೆ ಸೆರೆವಾಸ ಅಥವಾ 30 ಲಕ್ಷ ಯೆನ್‌ವರೆಗೆ ದಂಡ ವಿಧಿಸಬಹುದು. ಜಪಾನಿನಲ್ಲಿ ಮಾರುವ ಮೊಬೈಲುಗಳಲ್ಲಿ ಫೋಟೊ ತೆಗೆಯುವಾಗ ಬರುವ ‘ಕ್ಲಿಕ್’ ಸದ್ದನ್ನು ಅಡಗಿಸಲು ಬಾರದಂತೆ ಮಾಡಿರುವುದು ಈ ಕಾರಣಕ್ಕಾಗಿಯೇ. ಹಾಗೆ ಮಾಡಿ ಎಂದು ಯಾವ ಕಾನೂನೂ ಹೇಳಿಲ್ಲ. ಮೊಬೈಲ್ ಕಂಪನಿಗಳು ತಾವಾಗಿ ಒಪ್ಪಿಕೊಂಡು ಇಂದಿಗೂ ನಡೆಸಿಕೊಂಡು ಬಂದಿರುವ ಕ್ರಮ ಅದು. ಇಂಥ ಊರಿನಲ್ಲಿ ಸೊಂಟದ ಮಟ್ಟದಲ್ಲಿ ಸದ್ದಿಲ್ಲದೆ ಕ್ಯಾಮೆರಾ ಹಿಡಿದ ವಿದೇಶಿ ಗಂಡಸನ್ನು ಕಂಡವರಿಗೆ ಮೊದಲು ಯಾವ ಅನುಮಾನ ಬರುತ್ತದೆ ಎಂದು ಯೋಚಿಸಿ. ಆದ್ದರಿಂದ ನಿಮ್ಮ ಕ್ಯಾಮೆರಾದಲ್ಲಿ ಮೌನ ಶಟರ್ ಇದ್ದರೂ ಬಳಸಬೇಡಿ, ಮೊಬೈಲಿನ ಸದ್ದನ್ನೂ ಆರಿಸಬೇಡಿ. ಆ ಸದ್ದು ನಿಮ್ಮ ಪರವಾಗಿ ಸಾಕ್ಷಿ ನುಡಿಯುತ್ತದೆ.

ಇನ್ನು ಕಾನೂನು. ಬೀದಿಯಲ್ಲಿ ಉಡುಪು ಧರಿಸಿ ನಡೆದು ಹೋಗುತ್ತಿರುವ ಅಪರಿಚಿತರ ಫೋಟೊ ತೆಗೆಯುವುದೇ ಅಪರಾಧ ಎಂದು ಹೇಳುವ ಕಾಯ್ದೆ ಜಪಾನಿನಲ್ಲಿ ಇಲ್ಲ. ಹಾಗೆಂದು ಹೇಗೆ ಬೇಕಾದರೂ ತೆಗೆಯಬಹುದು ಎಂದೂ ಅಲ್ಲ. ತನ್ನ ಚಹರೆಯ ಮೇಲೆ ವ್ಯಕ್ತಿಗಿರುವ ಹಕ್ಕನ್ನು ಅಲ್ಲಿನ ನ್ಯಾಯಾಲಯಗಳು ತೀರ್ಪಿನಿಂದ ತೀರ್ಪಿಗೆ ಬೆಳೆಸಿಕೊಂಡು ಬಂದಿವೆ. ಮೊದಲ ದೊಡ್ಡ ತೀರ್ಪು 1969ರ ಡಿಸೆಂಬರಿನದು. ಕ್ಯೋಟೊದಲ್ಲಿ ವಿದ್ಯಾರ್ಥಿಗಳ ಮೆರವಣಿಗೆಯನ್ನು ಪೊಲೀಸರು ಫೋಟೊ ತೆಗೆದದ್ದರಿಂದ ಹುಟ್ಟಿದ ಪ್ರಕರಣ ಅದು. ತನ್ನ ಮುಖ, ರೂಪಗಳ ಚಿತ್ರವನ್ನು ಒಪ್ಪಿಗೆಯಿಲ್ಲದೆ ಸುಮ್ಮಸುಮ್ಮನೆ ತೆಗೆಯಿಸಿಕೊಳ್ಳದಿರುವ ಸ್ವಾತಂತ್ರ್ಯ ಪ್ರತಿಯೊಬ್ಬನಿಗೂ ಇದೆ ಎಂದು ಸುಪ್ರೀಂ ಕೋರ್ಟ್ ಆಗ ಹೇಳಿತು, ಆ ಪ್ರಕರಣದಲ್ಲಿ ಮಾತ್ರ ಪೊಲೀಸರು ತೆಗೆದದ್ದು ಸರಿ ಎಂದಿತು. 2005ರ ನವೆಂಬರಿನಲ್ಲಿ ಅದೇ ನ್ಯಾಯಾಲಯ ಅಳತೆಗೋಲನ್ನೂ ಕೊಟ್ಟಿತು. ಫೋಟೊದಲ್ಲಿರುವವರು ಯಾರು, ಏನು ಮಾಡುತ್ತಿದ್ದರು, ಸ್ಥಳ ಯಾವುದು, ತೆಗೆದವರ ಉದ್ದೇಶವೇನು, ತೆಗೆದ ರೀತಿ ಎಂಥದು, ತೆಗೆಯುವ ಅಗತ್ಯ ಎಷ್ಟಿತ್ತು ಎಂಬುದನ್ನೆಲ್ಲ ಒಟ್ಟಿಗೆ ತೂಗಿ, ಸಮಾಜದಲ್ಲಿ ಬದುಕುವವರು ಸಹಿಸಿಕೊಳ್ಳಬೇಕಾದ ಮಿತಿಯನ್ನು ಅದು ದಾಟಿದೆಯೇ ಎಂದು ನೋಡಬೇಕು ಎಂಬುದು ಆ ತೀರ್ಪಿನ ತಿರುಳು.

ನಿಮಗೆ ಇವೆರಡಕ್ಕಿಂತ ಹತ್ತಿರದ್ದು ಅದೇ 2005ರಲ್ಲಿ ಟೋಕಿಯೊ ಜಿಲ್ಲಾ ನ್ಯಾಯಾಲಯ ಕೊಟ್ಟ ತೀರ್ಪು. ಗಿಂಜಾದ ಬೀದಿಯಲ್ಲಿ ನಡೆದು ಹೋಗುತ್ತಿದ್ದ ಮಹಿಳೆಯೊಬ್ಬರ ಚಿತ್ರವನ್ನು ಬೀದಿ ಫ್ಯಾಷನ್ನಿನ ಮಾದರಿಯೆಂದು ಅವರ ಅನುಮತಿಯಿಲ್ಲದೆ ತೆಗೆದು ಅಂತರ್ಜಾಲದಲ್ಲಿ ಹಾಕಲಾಗಿತ್ತು. ಬೇರೆಡೆ ಜನ ಆ ಚಿತ್ರವನ್ನು ಎತ್ತಿಕೊಂಡು ಅವರನ್ನು ಅಸಹ್ಯವಾಗಿ ಹೀಯಾಳಿಸಿದರು. ಚಿತ್ರ ಹಾಕಿದವರು ಪರಿಹಾರ ಕೊಡಬೇಕಾಯಿತು. ಮುಖ ಸ್ಪಷ್ಟವಾಗಿ ಕಾಣುತ್ತಿತ್ತು ಮತ್ತು ಇಡೀ ಚಿತ್ರಕ್ಕೆ ಅವರೊಬ್ಬರೇ ವಸ್ತುವಾಗಿದ್ದರು ಎಂಬುದು ಅಲ್ಲಿ ನಿರ್ಣಾಯಕವಾಯಿತು. ಜನಜಂಗುಳಿಯ ಚಿತ್ರದೊಳಗೆ ಮುಖವೊಂದು ಸೇರಿಕೊಳ್ಳುವುದಕ್ಕೂ ಒಂಟಿ ವ್ಯಕ್ತಿಯನ್ನು ಆರಿಸಿ, ಕತ್ತರಿಸಿ, ಎತ್ತಿ ತೋರಿಸುವುದಕ್ಕೂ ಜಪಾನಿನ ನ್ಯಾಯಾಲಯ ದೊಡ್ಡ ವ್ಯತ್ಯಾಸ ಕಾಣುತ್ತದೆ. ತೆಗೆಯುವ ಕ್ಷಣದಲ್ಲಿರುವ ಅಪಾಯಕ್ಕಿಂತ ಪ್ರಕಟಿಸುವಾಗಿನ ಅಪಾಯ ಹೆಚ್ಚು. ಇದನ್ನು ಮನಸ್ಸಿನಲ್ಲಿಟ್ಟುಕೊಂಡರೆ ಬೀದಿಯಲ್ಲಿ ನಿಮ್ಮ ಕೈ ಹಗುರಾಗುತ್ತದೆ, ಮನೆಗೆ ಬಂದ ಮೇಲೆ ಕಣ್ಣು ಬಿಗಿಯಾಗುತ್ತದೆ. ಆಗಬೇಕಾದದ್ದೂ ಹಾಗೆಯೇ.

ಹಾಗಾದರೆ ಕಾಣುವಂತೆ ನಿಂತು ಸಹಜ ಚಿತ್ರ ತೆಗೆಯುವುದು ಹೇಗೆ? ನಿಂತುಕೊಳ್ಳಿ ಎಂಬುದೇ ಉತ್ತರ. ಬೀದಿ ಚಿತ್ರ ಎಂದರೆ ಬೇಟೆ ಎಂದು ಹೊಸಬರು ಭಾವಿಸುತ್ತಾರೆ. ನಡೆಯುತ್ತಲೇ ಇರುತ್ತಾರೆ, ಎದುರಾದವರ ಮುಖಕ್ಕೆ ಕ್ಯಾಮೆರಾ ಎತ್ತಿ ಮುಂದೆ ಸಾಗುತ್ತಾರೆ. ಎದುರಿನವರಿಗೆ ಅದು ಹಲ್ಲೆಯಂತೆ ತೋರುತ್ತದೆ. 2020ರ ಫೆಬ್ರುವರಿಯಲ್ಲಿ ಜಪಾನಿನ ಕ್ಯಾಮೆರಾ ಕಂಪನಿಯೊಂದು ಹೊಸ ಕ್ಯಾಮೆರಾದ ಪ್ರಚಾರಕ್ಕೆಂದು ಬಿಟ್ಟ ವಿಡಿಯೊದಲ್ಲಿ ಛಾಯಾಗ್ರಾಹಕರೊಬ್ಬರು ಟೋಕಿಯೊದ ಪಾದಚಾರಿಗಳ ಮುಖದ ಮುಂದೆ ಹೀಗೆಯೇ ನುಗ್ಗುತ್ತಿದ್ದರು. ಜಪಾನಿನಲ್ಲೇ ಎಷ್ಟು ಆಕ್ಷೇಪ ಎದ್ದಿತೆಂದರೆ ಕಂಪನಿ ಆ ವಿಡಿಯೊವನ್ನು ಹಿಂದಕ್ಕೆ ಪಡೆಯಿತು. ಅದನ್ನು ನೋಡಿದಾಗ ನನಗೆ ಕಲೆಯ ಬಗ್ಗೆ ಯಾವ ಗೊಂದಲವೂ ಉಳಿಯಲಿಲ್ಲ. ಎದುರಿನ ಮನುಷ್ಯ ಬೆಚ್ಚಿಬಿದ್ದು ಮುಖ ಮುಚ್ಚಿಕೊಂಡರೆ ನಿಮ್ಮ ಚಿತ್ರದಲ್ಲಿ ಉಳಿಯುವುದು ನಿಮ್ಮ ಒರಟುತನ ಮಾತ್ರ, ಒಸಾಕಾ ಅಲ್ಲ.

ಬೆಳಕು ಚೆನ್ನಾಗಿರುವ, ಹಿನ್ನೆಲೆ ಚೊಕ್ಕವಾಗಿರುವ ಒಂದು ಜಾಗ ಹುಡುಕಿ. ಕೆರೆಯಂಚಿನ ಕೊಕ್ಕರೆಯ ಹಾಗೆ ಅಲ್ಲಿ ನಿಲ್ಲಿ. ಕ್ಯಾಮೆರಾವನ್ನು ಕಣ್ಣಿಗೆ ಹಿಡಿದೇ ಇರಿ. ಮೊದಲ ಐದು ನಿಮಿಷ ದಾರಿಹೋಕರು ನಿಮ್ಮನ್ನು ಗಮನಿಸುತ್ತಾರೆ, ನೀವು ಗೋಡೆಯ ಫೋಟೊ ತೆಗೆಯುತ್ತಿದ್ದೀರೆಂದು ಕೆಲವರು ನಿಂತು ದಾರಿ ಬಿಡುತ್ತಾರೆ. ‘ದೋಝೊ’ ಎಂದು ಕೈ ಚಾಚಿ ಮುಂದೆ ಹೋಗಲು ಹೇಳಿ. ಹದಿನೈದು ನಿಮಿಷ ಕಳೆಯುವಷ್ಟರಲ್ಲಿ ನೀವು ಆ ಬೀದಿಯ ಒಂದು ಕಂಬ. ತರಕಾರಿ ಅಂಗಡಿಯವರು ಪೆಟ್ಟಿಗೆ ಜೋಡಿಸುವುದನ್ನು, ಸೈಕಲ್ಲಿನ ಬುಟ್ಟಿಯಲ್ಲಿ ಮೂಲಂಗಿ ಇಟ್ಟುಕೊಂಡ ಅಜ್ಜಿ ಬ್ರೇಕು ಹಾಕುವುದನ್ನು ತಮ್ಮ ಪಾಡಿಗೆ ತಾವು ಮುಂದುವರಿಸುತ್ತಾರೆ. ನೀವು ಕೇಳಿದ ಪೋಸಿಲ್ಲದ ಚಿತ್ರ ಆಗ ಸಿಗುತ್ತದೆ. ಬೇಡವೆನ್ನುವವರಿಗೆ ನಿಮ್ಮನ್ನು ನೋಡಿ ಬೇರೆ ಬದಿಗೆ ಸರಿಯಲು ಅವಕಾಶವೂ ಇರುತ್ತದೆ. ಸತ್ಯನ್ ಅವರ ಚಿತ್ರಗಳಲ್ಲಿ ಜನ ಅಷ್ಟು ನಿರಾಳವಾಗಿ ಕಾಣುವುದಕ್ಕೆ ಅವರು ಆ ಜನರ ನಡುವಿನವರಾಗಿದ್ದದ್ದೂ ಒಂದು ಕಾರಣ. ನೀವು ಒಸಾಕಾದಲ್ಲಿ ಹೊರಗಿನವರು. ಆ ಅಂತರವನ್ನು ಸಮಯ ಕೊಟ್ಟು ತುಂಬಬೇಕು, ಬೇರೆ ದಾರಿಯಿಲ್ಲ.

ನಮ್ಮ ಮಾರುಕಟ್ಟೆಗಳಿಗಿಂತ ಅಲ್ಲಿ ಜನರ ಪ್ರತಿಕ್ರಿಯೆ ಬೇರೆ ಎಂಬುದೂ ತಿಳಿದಿರಲಿ. ಹುಬ್ಬಳ್ಳಿಯ ದುರ್ಗದಬೈಲಿನಲ್ಲಿ ಕ್ಯಾಮೆರಾ ಎತ್ತಿದರೆ ‘ನನ್ನದೂ ಒಂದು ತೆಗೆಯಿರಿ’ ಎನ್ನುವವರು ನಾಲ್ಕು ಜನ ಬರುತ್ತಾರೆ, ಬೇಡವಾದವರು ಜೋರಾಗಿಯೇ ಬೇಡ ಎನ್ನುತ್ತಾರೆ. ಜಪಾನಿನಲ್ಲಿ ನಿರಾಕರಣೆ ಬಹಳ ಮೆಲ್ಲಗೆ ಬರುತ್ತದೆ. ಮುಖ ತುಸು ಆಚೆ ತಿರುಗುತ್ತದೆ, ಅಂಗೈ ಮೂಗಿನ ಮುಂದೆ ಎರಡು ಬಾರಿ ಆಡುತ್ತದೆ, ಇಲ್ಲವೇ ಎರಡು ತೋಳುಗಳು ಎದೆಯ ಮುಂದೆ ಅಡ್ಡಡ್ಡ ಸೇರುತ್ತವೆ. ಇವೆಲ್ಲ ಸ್ಪಷ್ಟವಾದ ‘ಬೇಡ’. ಕ್ಯಾಮೆರಾ ಇಳಿಸಿ, ತಲೆ ಬಾಗಿಸಿ ‘ಸುಮಿಮಾಸೆನ್’, ಅಂದರೆ ಕ್ಷಮಿಸಿ, ಎನ್ನಿ. ತೆಗೆದಾಗಿದ್ದರೆ ಹತ್ತಿರ ಹೋಗಿ, ಪರದೆ ತೋರಿಸಿ, ಅವರ ಕಣ್ಣೆದುರೇ ಅಳಿಸಿ. ಕಾನೂನು ಏನು ಹೇಳುತ್ತದೆ ಎಂದು ವಾದಕ್ಕೆ ನಿಲ್ಲಬೇಡಿ, ಒಂದು ಚಿತ್ರಕ್ಕಾಗಿ ಯಾರದೋ ಸಂಜೆ ಕೆಡಬಾರದು. ಯಾರಾದರೂ ದೂರು ಕೊಟ್ಟು ಕೋಬಾನ್‌ನ, ಅಂದರೆ ಬೀದಿಬದಿಯ ಪೊಲೀಸ್ ಚೌಕಿಯ, ಪೊಲೀಸರು ಬಂದರೆ ಗಾಬರಿಯಾಗದೆ ಚಿತ್ರಗಳನ್ನು ತೋರಿಸಿ. ಪಾಸ್‌ಪೋರ್ಟ್ ಸದಾ ಜೊತೆಗಿರಲಿ. ವಿದೇಶಿ ಪ್ರವಾಸಿಗಳು ಅದನ್ನು ಇಟ್ಟುಕೊಂಡೇ ಓಡಾಡಬೇಕು ಎಂಬುದು ಅಲ್ಲಿನ ಕಾನೂನು.

ನಿಮ್ಮ 23 ಎಂಎಂ ಲೆನ್ಸ್ ಈ ಕೆಲಸಕ್ಕೆ ಹೇಳಿ ಮಾಡಿಸಿದ್ದು, ಬೇರೇನೂ ಕೊಳ್ಳಬೇಡಿ. ಹಗಲಿನಲ್ಲಿ ಅಪರ್ಚರ್, ಅಂದರೆ ಬೆಳಕು ಬಿಡುವ ಲೆನ್ಸಿನ ಕಿಂಡಿ, ಎಫ್ 8 ಇರಲಿ, ಫೋಕಸ್ಸನ್ನು ಕೈಯಿಂದ ಎರಡೂವರೆ ಮೀಟರಿಗೆ ಕಟ್ಟಿಬಿಡಿ. ಆಗ ಸುಮಾರು ಒಂದೂವರೆ ಮೀಟರಿನಿಂದ ಎಂಟು ಮೀಟರಿನವರೆಗೆ ಎಲ್ಲವೂ ಸಾಕಷ್ಟು ಸ್ಪಷ್ಟವಾಗಿ ಬರುತ್ತದೆ. ಕ್ಯಾಮೆರಾ ಫೋಕಸ್ ಹುಡುಕುತ್ತ ತಡಕಾಡುವುದಿಲ್ಲ, ನೀವೂ ಯಾರದೋ ಮುಖದ ಮೇಲೆ ಗುರಿಯಿಟ್ಟು ಕಾಯಬೇಕಾಗುವುದಿಲ್ಲ. ಶಟರ್ ವೇಗ ನಡೆಯುವವರಿಗೆ 1/250 ಸೆಕೆಂಡು ಸಾಕು, ಸೈಕಲ್ಲಿಗೆ 1/500. ಐಎಸ್‌ಒ (ಬೆಳಕಿಗೆ ಸ್ಪಂದಿಸುವ ಸೂಕ್ಷ್ಮತೆ) ಕ್ಯಾಮೆರಾಗೇ ಬಿಡಿ, 6400ರ ಮಿತಿ ಹಾಕಿಡಿ. ರಾತ್ರಿ ಎಫ್ 2.8ಕ್ಕೆ ಇಳಿದರೆ ಇದೇ ಎರಡೂವರೆ ಮೀಟರಿನ ಫೋಕಸ್ಸಿನಲ್ಲಿ ಸ್ಪಷ್ಟವಾಗಿ ಕಾಣುವ ಪಟ್ಟಿ ಎರಡರಿಂದ ಮೂರು ಮೀಟರ್ ಚಿಲ್ಲರೆಗೆ ಕುಗ್ಗುತ್ತದೆ. ಆಗ ಆಟೊಫೋಕಸ್ಸಿಗೆ ಮರಳುವುದೇ ಮೇಲು. ಫ್ಲ್ಯಾಷ್ ಬೇಡವೇ ಬೇಡ. ರೈಲು ನಿಲ್ದಾಣದ ಪ್ಲಾಟ್‌ಫಾರಂನಲ್ಲಿ ಫ್ಲ್ಯಾಷ್ ಹೊಡೆದರೆ ಚಾಲಕರ ಕಣ್ಣಿಗೇ ಬೀಳುತ್ತದೆ.

ಒಂದು ಸಂಗತಿಯನ್ನು ಹೆಚ್ಚಿನವರು ಹೇಳುವುದಿಲ್ಲ. ಜಪಾನಿನಲ್ಲಿ ವಿದ್ಯುತ್ತು ಎರಡು ಬಗೆ. ಟೋಕಿಯೊ ಇರುವ ಪೂರ್ವ ಭಾಗದಲ್ಲಿ ನಮ್ಮಂತೆಯೇ 50 ಹರ್ಟ್ಸ್, ಒಸಾಕಾ ಇರುವ ಪಶ್ಚಿಮದಲ್ಲಿ 60. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಟೋಕಿಯೊ ಜರ್ಮನಿಯಿಂದಲೂ ಒಸಾಕಾ ಅಮೆರಿಕದಿಂದಲೂ ಜನರೇಟರುಗಳನ್ನು ತರಿಸಿಕೊಂಡವು. ಆ ಭೇದ ಇಂದಿಗೂ ಅಳಿದಿಲ್ಲ. ಟ್ಯೂಬ್‌ಲೈಟು ಮತ್ತು ಅಗ್ಗದ ಎಲ್‌ಇಡಿಗಳು ಒಸಾಕಾದಲ್ಲಿ ಸೆಕೆಂಡಿಗೆ 120 ಬಾರಿ ಮಿಣುಕುತ್ತವೆ, ಇಲ್ಲಿ 100 ಬಾರಿ. ಧಾರವಾಡದ ಅಂಗಡಿ ಬೆಳಕಿನಲ್ಲಿ ನೀವು ರೂಢಿಸಿಕೊಂಡ 1/100 ಸೆಕೆಂಡು ಅಲ್ಲಿ ಕೆಲಸಕ್ಕೆ ಬರುವುದಿಲ್ಲ, ಚಿತ್ರದಿಂದ ಚಿತ್ರಕ್ಕೆ ಬೆಳಕು ಏರಿಳಿಯಬಹುದು. ಒಸಾಕಾದ ಒಳಾಂಗಣ ಮಾರುಕಟ್ಟೆಗಳಲ್ಲಿ 1/60 ಅಥವಾ 1/125 ಇಟ್ಟುಕೊಳ್ಳಿ. ಕ್ಯಾಮೆರಾದ ಮೆನುವಿನಲ್ಲಿ ಮಿಣುಕು ತಡೆಯುವ ಆಯ್ಕೆ ಇದ್ದರೆ ಅದನ್ನು ಚಾಲೂ ಮಾಡಿ, ಆವರ್ತನ ಕೇಳಿದರೆ 60ಕ್ಕೆ ಬದಲಿಸಿ. ಸದ್ದಿಲ್ಲದ ಎಲೆಕ್ಟ್ರಾನಿಕ್ ಶಟರ್ ಬಳಸಿದರೆ ಅಡ್ಡಪಟ್ಟಿಗಳು ಬೀಳುವ ಸಾಧ್ಯತೆ ಹೆಚ್ಚು. ಮೌನ ಶಟರ್ ಬೇಡ ಎನ್ನಲು ಇದು ಇನ್ನೊಂದು ಕಾರಣ.

ಬೆಳಕಿನ ವಿಷಯಕ್ಕೆ ಬಂದರೆ ನೀವು ಆರಿಸಿಕೊಂಡ ತಿಂಗಳು ಬಹಳ ಒಳ್ಳೆಯದು. ನವೆಂಬರ್ ಕೊನೆಯಲ್ಲಿ ಒಸಾಕಾದ ಸೂರ್ಯ ನಡುಮಧ್ಯಾಹ್ನದಲ್ಲೂ ದಿಗಂತದಿಂದ ಸುಮಾರು 35 ಡಿಗ್ರಿಯಷ್ಟೇ ಮೇಲಿರುತ್ತಾನೆ. ನಮ್ಮಲ್ಲಿ ಅದೇ ದಿನ 50 ದಾಟಿರುತ್ತದೆ. ಇಡೀ ದಿನ ನೆರಳು ಉದ್ದ, ಬೆಳಕು ಪಕ್ಕದಿಂದ. ಆದರೆ ಸಂಜೆ 4:50ರ ಹೊತ್ತಿಗೆ ಸೂರ್ಯಾಸ್ತ. ಕಚೇರಿ ಮುಗಿಸಿ ಹೊರಬಂದಾಗ ಕತ್ತಲಾಗಿರುತ್ತದೆ. ಹಾಗಾಗಿ ವಾರದ ದಿನಗಳ ಸಂಜೆಯನ್ನು ದೀಪದ ಬೆಳಕಿಗೆ, ಶನಿವಾರ-ಭಾನುವಾರಗಳನ್ನು ಬಿಸಿಲಿಗೆ ಮೀಸಲಿಡಿ. ಬೆಳಿಗ್ಗೆ 6:40ರ ಸುಮಾರಿಗೆ ಸೂರ್ಯೋದಯ. ಕೆಲಸಕ್ಕೆ ಹೋಗುವ ಮುನ್ನ ಒಂದು ಗಂಟೆ ಸಿಕ್ಕರೆ ಬಿಡಬೇಡಿ.

ಒಸಾಕಾದ ರಸ್ತೆಗಳ ಹೆಸರಿನಲ್ಲೇ ನಿಮಗೊಂದು ದಿಕ್ಸೂಚಿ ಇದೆ. ನಡುನಗರದಲ್ಲಿ ಉತ್ತರ-ದಕ್ಷಿಣವಾಗಿ ಓಡುವ ಬೀದಿಗಳ ಹೆಸರು ‘ಸುಜಿ’ ಎಂದು ಮುಗಿಯುತ್ತದೆ, ಪೂರ್ವ-ಪಶ್ಚಿಮದವು ‘ದೋರಿ’ ಎಂದು. ಮಿದೊಸುಜಿ, ಸಾಕಾಯ್‌ಸುಜಿ ಮೊದಲ ಬಗೆ, ಹೊಮ್ಮಾಚಿ-ದೋರಿ, ನಾಗಾಹೊರಿ-ದೋರಿ ಎರಡನೆಯವು. ನಡುಮಧ್ಯಾಹ್ನದ ಬಿಸಿಲು ಸುಜಿಗಳ ಉದ್ದಕ್ಕೂ ಹರಿಯುತ್ತದೆ. ಮಧ್ಯಾಹ್ನ ಮೂರರ ನಂತರ ದೋರಿಗಳಿಗೆ ಹೋಗಿ. ನೈಋತ್ಯಕ್ಕೆ ಇಳಿಯುತ್ತಿರುವ ಸೂರ್ಯ ಬೀದಿಯ ಉತ್ತರ ಬದಿಯ ಕಾಲುದಾರಿಯನ್ನು ಬೆಳಗುತ್ತಾನೆ, ದಕ್ಷಿಣ ಬದಿ ಕಪ್ಪಾಗಿ ಉಳಿಯುತ್ತದೆ. ನೆರಳಿನಲ್ಲಿ ನಿಂತು ಬಿಸಿಲಿನ ಬದಿಯ ಕಡೆಗೆ ಕ್ಯಾಮೆರಾ ತಿರುಗಿಸಿ. ಮಿದೊಸುಜಿಯ ಗಿಂಕೊ ಮರಗಳು ನೀವು ಅಲ್ಲಿರುವಾಗ ಹಳದಿಯಾಗಿರುತ್ತವೆ. ಎಲೆ ಗುಡಿಸುವವರು, ಎಲೆ ಹೆಕ್ಕುವವರು, ಮರದಡಿ ನಿಂತು ಒಬ್ಬರ ಫೋಟೊ ಒಬ್ಬರು ತೆಗೆದುಕೊಳ್ಳುವವರು, ಎಲ್ಲರೂ ಅಲ್ಲಿರುತ್ತಾರೆ.

ಎಲ್ಲಿಗೆ ಹೋಗಲಿ ಎಂದು ಕೇಳಿದ್ದೀರಿ. ನನ್ನ ಮೊದಲ ಆಯ್ಕೆ ತೆಂಜಿನ್‌ಬಾಶಿ-ಸುಜಿ. ಮಾಡು ಹೊದಿಸಿದ ಅಂಗಡಿಬೀದಿ, ಸುಮಾರು 2.6 ಕಿಲೋಮೀಟರ್ ಉದ್ದ, ಜಪಾನಿನಲ್ಲಿ ಇಂಥ ಬೀದಿಗಳಲ್ಲೇ ಅತಿ ಉದ್ದದ್ದು ಎಂದು ಹೆಸರು. ಪ್ರವಾಸಿಗಳಿಗಿಂತ ಸುತ್ತಲಿನ ನಿವಾಸಿಗಳೇ ಹೆಚ್ಚು: ಚಾಕು ಮಾರುವ ಅಂಗಡಿ, ಹಳೆ ಪುಸ್ತಕ, ಚಹಾ, ಔಷಧಿ, ಕರಿದ ತಿಂಡಿ. ಮಾಡಿನ ಮೂಲಕ ಸೋಸಿ ಬರುವ ಬೆಳಕು ಎಲ್ಲರ ಮುಖದ ಮೇಲೂ ಮೃದುವಾಗಿ ಬೀಳುತ್ತದೆ, ಮಳೆ ಬಂದರೂ ಕೆಲಸ ನಿಲ್ಲುವುದಿಲ್ಲ. ಅಡ್ಡರಸ್ತೆ ಬೀದಿಯನ್ನು ಸೀಳುವಲ್ಲಿ ಬಿಸಿಲು ಒಮ್ಮೆಲೇ ಒಳನುಗ್ಗುತ್ತದೆ. ನಿಲ್ಲಬೇಕಾದದ್ದು ಅಲ್ಲಿಯೇ. ಸಿಗ್ನಲ್ಲಿಗಾಗಿ ಕಾಯುತ್ತ ನಿಂತ ಗುಂಪು, ಅರ್ಧ ನೆರಳು, ಅರ್ಧ ಬೆಳಕು. ಬೆಳಗಿನ ಹತ್ತರ ಸುಮಾರಿಗೆ ಅಂಗಡಿಗಳ ಬಾಗಿಲು ಮೇಲೇಳುವ ಹೊತ್ತಿಗೆ ಅಲ್ಲಿರಿ.

ದಕ್ಷಿಣದಲ್ಲಿ ಶಿನ್‌ಸೆಕಾಯ್ ಇದೆ. ನಡುವಿನ ತ್ಸುತೆನ್‌ಕಾಕು ಗೋಪುರ ಮೊದಲು 1912ರಲ್ಲಿ ಕಟ್ಟಿದ್ದು, ಯುದ್ಧಕಾಲದಲ್ಲಿ ಕಳಚಿಹೋಗಿ 1956ರಲ್ಲಿ ಮತ್ತೆ ಎದ್ದದ್ದು. ಗೋಪುರದ ಕೆಳಗಿನ ಬಣ್ಣಬಣ್ಣದ ಫಲಕಗಳ ಬೀದಿ ಈಗ ಪ್ರವಾಸಿಗಳದು, ಬೇಗ ದಾಟಿಬಿಡಿ. ಪಕ್ಕದ ಜಾನ್‌ಜಾನ್ ಯೊಕೊಚೊ ಎಂಬ ಸಣ್ಣ ಓಣಿಯಲ್ಲಿ ಹಳೆಯ ಒಸಾಕಾ ಇನ್ನೂ ಉಸಿರಾಡುತ್ತಿದೆ: ಕಡ್ಡಿಗೆ ಚುಚ್ಚಿದ ಕುಶಿಕಾತ್ಸು ಎಂಬ ತಿಂಡಿ ಕರಿಯುವ ಪುಟ್ಟ ಅಂಗಡಿಗಳು, ಕೌಂಟರಿನಲ್ಲಿ ಭುಜಕ್ಕೆ ಭುಜ ತಾಗಿಸಿ ಕುಳಿತ ಬೆನ್ನುಗಳು. ಜಪಾನಿನ ಚದುರಂಗವಾದ ಶೋಗಿಯ ಕ್ಲಬ್ಬುಗಳಿಗೂ ಈ ಓಣಿ ಹೆಸರಾಗಿತ್ತು. ಇಲ್ಲಿ ಕ್ಯಾಮೆರಾ ತೆಗೆಯುವ ಮೊದಲು ಕುಳಿತು ತಿನ್ನಿ, ಮಾಂಸ ತಿನ್ನದವರಾದರೆ ಕಮಲದ ದಂಟು, ಈರುಳ್ಳಿ, ಕುಂಬಳದ ಕುಶಿಕಾತ್ಸು ಕೇಳಿ. ಆದರೆ ಎಲ್ಲವೂ ಒಂದೇ ಎಣ್ಣೆಯಲ್ಲಿ ಕರಿದದ್ದು, ಹಿಟ್ಟಿನಲ್ಲಿ ಮೊಟ್ಟೆಯೂ ಇರಬಹುದು. ತಿಂದು ಎದ್ದು ದುಡ್ಡು ಕೊಡುವಾಗ ‘ಶಾಶಿನ್, ಇಇ ದೆಸು ಕಾ’ ಎಂದು ಕೇಳಿ, ಅಂದರೆ ಫೋಟೊ ತೆಗೆಯಬಹುದೇ ಎಂದು. ಒಸಾಕಾದವರಿಗೆ ಮಾತುಗಾರರು, ತಮಾಷೆಯವರು ಎಂಬ ಹೆಸರು ಇಡೀ ಜಪಾನಿನಲ್ಲಿದೆ. ಅಪರಿಚಿತರ ಕೈಗೂ ಪೆಪ್ಪರಮಿಂಟು ಇಡುವ ಅಲ್ಲಿನ ನಡುವಯಸ್ಸಿನ ಅಮ್ಮಂದಿರ ಬಗ್ಗೆ ಕಥೆಗಳೇ ಇವೆ. ಟೋಕಿಯೊಗಿಂತ ಇಲ್ಲಿ ಮಾತು ಬೇಗ ಹುಟ್ಟುತ್ತದೆ. ಅನುಮತಿ ಕೊಟ್ಟವರು ಮೊದಲು ಬೆರಳೆರಡು ಎತ್ತಿ ಪೋಸು ಕೊಡುತ್ತಾರೆ. ಆ ಚಿತ್ರ ತೆಗೆಯಿರಿ, ತೋರಿಸಿ, ನಗಿ, ಅಲ್ಲೇ ಉಳಿಯಿರಿ. ಅವರು ಮತ್ತೆ ಬಾಣಲೆಯ ಕಡೆ ತಿರುಗಿದ ಮೇಲೆ ನಿಮ್ಮ ಚಿತ್ರ ಬರುತ್ತದೆ.

ಕಾಲುವೆ ಬದಿಯ ಝಗಮಗಿಸುವ ದೋತೊಂಬೊರಿಯನ್ನು ಬಿಡಿ ಎಂದು ಹೇಳಿದರೂ ನೀವು ಬಿಡುವುದಿಲ್ಲ, ಬಿಡಲೂಬಾರದು. ಎಬಿಸು ಸೇತುವೆಯ ಎದುರಿನ ಓಟಗಾರನ ಜಾಹೀರಾತು ಫಲಕ 1935ರಿಂದ ಬೇರೆ ಬೇರೆ ರೂಪದಲ್ಲಿ ಇದೆ. ಈಗಿನದು 2014ರಲ್ಲಿ ಬಂದ ಆರನೆಯದು. ಫಲಕಕ್ಕೆ ಬೆನ್ನು ಹಾಕಿ ನಿಲ್ಲಿ. ಅದರಂತೆಯೇ ಒಂದು ಕಾಲು ಎತ್ತಿ ಎರಡೂ ಕೈ ಚಾಚಿ ಫೋಟೊ ತೆಗೆಸಿಕೊಳ್ಳುವ ನೂರಾರು ಜನ ನಿಮ್ಮೆದುರಿಗೆ ಇರುತ್ತಾರೆ, ಎಲ್ಲರ ಮುಖದ ಮೇಲೂ ಫಲಕದ ಬೆಳಕು. ಫೋಟೊ ತೆಗೆಸಿಕೊಳ್ಳಲೆಂದೇ ಬಂದವರ ನಡುವೆ ಕ್ಯಾಮೆರಾ ಎತ್ತಲು ಹಿಂಜರಿಕೆಯೂ ಇರುವುದಿಲ್ಲ. ಮೊದಲ ದಿನದ ಅಭ್ಯಾಸಕ್ಕೆ ಇದು ತಕ್ಕ ಜಾಗ. ಎಫ್ 2.8, 1/125, ಐಎಸ್‌ಒ 1600ರಿಂದ 3200. ಮಳೆ ಬಂದರೆ ಪಾರದರ್ಶಕ ಕೊಡೆಗಳ ಮೇಲೆ ದೀಪಗಳ ಬಣ್ಣ ಒಡೆಯುತ್ತದೆ. ಸಾವಿರ ಜನ ತೆಗೆದ ಚಿತ್ರ ಅದು, ಆದರೂ ಚೆಂದ. ಅಲ್ಲಿಂದ ಎರಡು ಹೆಜ್ಜೆಗೆ ಹೋಝೆಂಜಿ ಗುಡಿ. ಭಕ್ತರು ಸುರಿದ ನೀರಿನಿಂದ ಮೈತುಂಬ ಪಾಚಿ ಬೆಳೆದು ಹಸುರಾಗಿರುವ, ಫುದೊ ಎಂಬ ಬೌದ್ಧ ದೇವತೆಯ ಮೂರ್ತಿ ಅಲ್ಲಿದೆ. ಪ್ರಾರ್ಥಿಸುವವರ ಮುಖಕ್ಕೆ ಕ್ಯಾಮೆರಾ ಹಿಡಿಯಬೇಡಿ. ಹಿಂದಿನಿಂದ ನೀರಿನ ಸೌಟು, ಒದ್ದೆ ಕಲ್ಲು, ಬಾಗಿದ ಕುತ್ತಿಗೆ ತೆಗೆಯಿರಿ. ಮುಖ ಕಾಣದ ಚಿತ್ರ ಎರಡನೆಯ ದರ್ಜೆಯದು ಎಂಬ ಭಾವನೆ ನಿಮ್ಮಲ್ಲಿದ್ದರೆ ಈ ಗುಡಿಯ ಮುಂದೆ ಅದು ಕರಗುತ್ತದೆ.

ಕ್ಯಾಮೆರಾವನ್ನು ಚೀಲದೊಳಗೆ ಹಾಕಬೇಕಾದ ಜಾಗಗಳೂ ಇವೆ, ಇಲ್ಲಿ ಚೌಕಾಸಿಗೆ ಎಡೆಯಿಲ್ಲ. ಶಿನ್‌ಸೆಕಾಯ್‌ನಿಂದ ದಕ್ಷಿಣಕ್ಕೆ ನಡೆದರೆ ತೊಬಿತಾ ಶಿಂಚಿ ಎಂಬ ವೇಶ್ಯಾವಾಟಿಕೆಯ ಪ್ರದೇಶ. ಅಲ್ಲಿ ಫೋಟೊ ಸಂಪೂರ್ಣ ನಿಷಿದ್ಧ, ಕ್ಯಾಮೆರಾ ಎತ್ತಿದರೆ ಜಗಳ ಖಚಿತ. ಹತ್ತಿರದಲ್ಲೇ ಕಾಮಾಗಾಸಾಕಿ, ದಿನಗೂಲಿ ಕಾರ್ಮಿಕರು ದಶಕಗಳಿಂದ ನೆಲೆಸಿರುವ ಬಡಾವಣೆ. ಇನೊವೆ ಸೇರ್ಯು ಎಂಬ ಛಾಯಾಗ್ರಾಹಕ 1950ರ ದಶಕದ ಕೊನೆಯಿಂದ ಇಲ್ಲಿನ ಬದುಕನ್ನು ಅದ್ಭುತವಾಗಿ ಹಿಡಿದರು. ಅವರು ಆ ಬೀದಿಗಳಿಗೆ ಮತ್ತೆ ಮತ್ತೆ ಹೋಗಿ ಅಲ್ಲಿನವರ ಜೊತೆ ಬೆರೆತವರು. ಎರಡು ವಾರದ ಅತಿಥಿಗೆ ಆ ಹಕ್ಕು ಇಲ್ಲ. ಕುಡಿದು ಪ್ಲಾಟ್‌ಫಾರಂನಲ್ಲಿ ಮಲಗಿದ ಕಚೇರಿ ನೌಕರರ ಚಿತ್ರಗಳು ಅಂತರ್ಜಾಲದಲ್ಲಿ ರಾಶಿ ಬಿದ್ದಿವೆ. ಆ ರಾಶಿಗೆ ನೀವೂ ಒಂದನ್ನು ಸೇರಿಸಬೇಡಿ ಎಂದು ಬೇಡಿಕೊಳ್ಳುತ್ತೇನೆ. ತನ್ನನ್ನು ತಾನು ಕಾಪಾಡಿಕೊಳ್ಳಲಾರದ ಸ್ಥಿತಿಯಲ್ಲಿರುವವರ ಚಿತ್ರ ಅದು, ಅವರಿಗೆ ಮರುದಿನ ಕಚೇರಿ ಇದೆ, ಮನೆಯಲ್ಲಿ ಮಕ್ಕಳಿದ್ದಾರೆ. ರೈಲಿನ ಬೋಗಿಯೊಳಗೆ ಯಾರ ಫೋಟೊವೂ ಬೇಡ. ಶಾಲಾ ಮಕ್ಕಳದು ತಂದೆತಾಯಿಯನ್ನು ಕೇಳದೆ ಬೇಡ.

ರೈಲಿನಲ್ಲಿ ಅರ್ಧ ಗಂಟೆಯ ದೂರದ ಕ್ಯೋಟೊಗೆ ನೀವು ಹೋಗಿಯೇ ಹೋಗುತ್ತೀರಿ. ಗಿಯೊನ್‌ನಲ್ಲಿ ಗೇಕೊ, ಮಾಯ್ಕೊ ಎಂಬ ಸಾಂಪ್ರದಾಯಿಕ ನೃತ್ಯ-ಸಂಗೀತ ಕಲಾವಿದೆಯರನ್ನು ಅಟ್ಟಿಸಿಕೊಂಡು ಹೋಗಿ, ಕಿಮೊನೊ ಎಳೆದು ಫೋಟೊ ತೆಗೆಯುವವರ ಕಾಟ ಮಿತಿಮೀರಿ, 2019ರಲ್ಲಿ ಅಲ್ಲಿನ ನಿವಾಸಿಗಳು ಖಾಸಗಿ ಓಣಿಗಳಲ್ಲಿ ಫೋಟೊ ನಿಷೇಧಿಸಿ, ತಪ್ಪಿದವರಿಗೆ 10,000 ಯೆನ್ ದಂಡ ಎಂದು ಫಲಕ ಹಾಕಿದರು. 2024ರಲ್ಲಿ ಕೆಲವು ಖಾಸಗಿ ಓಣಿಗಳಿಗೆ ಪ್ರವಾಸಿಗಳ ಪ್ರವೇಶವನ್ನೇ ನಿಲ್ಲಿಸಿದರು. ಹಾನಾಮಿಕೋಜಿ ಮುಖ್ಯ ಬೀದಿ ಸಾರ್ವಜನಿಕ, ಅಲ್ಲಿ ನಡೆಯಬಹುದು. ಆದರೆ ಸಂಜೆಯ ಹೊತ್ತು ಅವಸರದಿಂದ ಕೆಲಸಕ್ಕೆ ಹೋಗುತ್ತಿರುವ ಹೆಣ್ಣುಮಗಳ ದಾರಿಗೆ ಅಡ್ಡ ನಿಲ್ಲುವುದನ್ನು ಛಾಯಾಗ್ರಹಣ ಎಂದು ಕರೆಯಲು ನನ್ನಿಂದಾಗದು. ಎಲ್ಲಿಯೇ ಆಗಲಿ ಕ್ಯಾಮೆರಾ ಚಿತ್ರದ ಮೇಲೆ ಕೆಂಪು ಗೆರೆ ಎಳೆದ ಫಲಕ ಕಂಡರೆ ಅದೇ ಕೊನೆಯ ಮಾತು.

ಇಷ್ಟೆಲ್ಲ ಕಟ್ಟುಪಾಡು ಓದಿ ಜಪಾನ್ ಬೀದಿ ಚಿತ್ರಕ್ಕೆ ಒಗ್ಗದ ದೇಶ ಎಂದುಕೊಳ್ಳಬೇಡಿ. ಪ್ರಪಂಚಕ್ಕೆ ಈ ಕಲೆಯಲ್ಲಿ ದೊಡ್ಡ ಪಾಠ ಹೇಳಿದ ದೇಶ ಅದು. 1950ರ ದಶಕದಲ್ಲಿ ಛಾಯಾಗ್ರಾಹಕ ದೊಮೊನ್ ಕೆನ್ ಹವ್ಯಾಸಿಗಳಿಗೆಲ್ಲ ಬೋಧಿಸಿದ್ದು, ಏನನ್ನೂ ಜೋಡಿಸದ, ಯಾರನ್ನೂ ನಟಿಸಲು ಹೇಳದ ನೇರ ಚಿತ್ರವನ್ನು. ಕಿಮುರಾ ಇಹೇ ಲೈಕಾ ಕ್ಯಾಮೆರಾವನ್ನು ಬರಿಯ ಕೈಸನ್ನೆಯಷ್ಟು ಹಗುರವಾಗಿ ಬಳಸಿದರು. ಒಸಾಕಾ ಪ್ರಾಂತದ ಇಕೆದಾದಲ್ಲಿ 1938ರಲ್ಲಿ ಹುಟ್ಟಿದ ಮೊರಿಯಾಮಾ ದಾಯ್ದೊ ಸಣ್ಣ ಕ್ಯಾಮೆರಾ ಹಿಡಿದು ಬೀದಿ ಬೀದಿ ಅಲೆದು ಒರಟು ಕಪ್ಪು-ಬಿಳುಪಿನ ಒಂದು ಹೊಸ ನೋಟವನ್ನೇ ಕೊಟ್ಟರು. ನಿಮಗೆ ನಾನು ತೋರಿಸಬೇಕೆಂದಿರುವುದು ಮಾತ್ರ ಕಿಕಾಯ್ ಹಿರೊ ಅವರನ್ನು. 2020ರಲ್ಲಿ ತೀರಿಕೊಂಡ ಅವರು 1970ರ ದಶಕದಿಂದ ಟೋಕಿಯೊದ ಅಸಾಕುಸಾ ಗುಡಿಯ ಗೋಡೆಯ ಬಳಿ ಗಂಟೆಗಟ್ಟಲೆ ನಿಂತು, ಮನಸ್ಸನ್ನು ಹಿಡಿದು ನಿಲ್ಲಿಸುವ ಒಬ್ಬ ದಾರಿಹೋಕ ಬರುವವರೆಗೆ ಕಾಯುತ್ತಿದ್ದರು. ಬಂದಾಗ ಕೇಳಿ, ಮಾತಾಡಿಸಿ, ಕೆಲವೇ ಚಿತ್ರ ತೆಗೆಯುತ್ತಿದ್ದರು. ಅವು ನೀವು ಕೇಳಿದಂಥ ಪೋಸಿಲ್ಲದ ಚಿತ್ರಗಳಲ್ಲ. ಆದರೆ ಅವುಗಳಲ್ಲಿರುವ ಮನುಷ್ಯರು ಎಷ್ಟೋ ಕದ್ದು ತೆಗೆದ ಚಿತ್ರಗಳಿಗಿಂತ ನಿಜವಾಗಿ ತಾವಾಗಿದ್ದಾರೆ. ಒಂದು ದಿನವಾದರೂ ಹಾಗೆ ಕೇಳಿ ತೆಗೆಯಿರಿ.

ಕೊನೆಗೆ ಪ್ರಕಟಣೆಯ ಮಾತು. ಊರಿಗೆ ಬಂದು ಒಂದು ತಿಂಗಳು ಚಿತ್ರಗಳನ್ನು ಮುಟ್ಟಬೇಡಿ. ಆಮೇಲೆ ಒಂದೊಂದನ್ನೇ ತೆರೆದು ಮೂರು ವಿಷಯ ನೋಡಿ: ಇದರಲ್ಲಿರುವವರನ್ನು ಅವರ ಪರಿಚಯಸ್ಥರು ಗುರುತಿಸಬಲ್ಲರೇ, ಚಿತ್ರಕ್ಕೆ ಅವರೊಬ್ಬರೇ ವಸ್ತುವೇ, ನೋಡಿದವರು ಅವರನ್ನು ಕಂಡು ನಗಬಹುದೇ. ಮೂರನೆಯದಕ್ಕೆ ಹೌದು ಎಂದಾದರೆ ಉಳಿದೆರಡನ್ನು ಕೇಳಬೇಕಾಗಿಲ್ಲ, ಅಳಿಸಿಬಿಡಿ. ಮೊದಲ ಎರಡಕ್ಕೂ ಹೌದು, ಅನುಮತಿ ಮಾತ್ರ ಇಲ್ಲ ಎಂದಾದರೆ ಅದು ನಿಮ್ಮ ಸಂಗ್ರಹದಲ್ಲೇ ಇರಲಿ, ಇನ್‌ಸ್ಟಾಗ್ರಾಮಿಗೆ ಬೇಡ. ಗುಂಪು, ಬೆನ್ನು, ನೆರಳು, ಕೈ, ದೂರದ ಆಕೃತಿಗಳಿಗೆ ಈ ತೊಡಕಿಲ್ಲ. ಹಾಕುವಾಗ ಅಂಗಡಿಯ ಹೆಸರು, ನಿಖರ ಸ್ಥಳದ ಗುರುತು ಸೇರಿಸಬೇಡಿ. ಸ್ಪರ್ಧೆಗಳ ವಿಷಯದಲ್ಲಿ ನಿಯಮಾವಳಿಯನ್ನು ಪೂರ್ತಿ ಓದಿ. ಚಿತ್ರದಲ್ಲಿರುವವರ ಒಪ್ಪಿಗೆ ಪಡೆದಿದ್ದೇನೆ ಎಂದು ಘೋಷಿಸಬೇಕೆನ್ನುವ ಸ್ಪರ್ಧೆಗಳು ಜಪಾನಿನಲ್ಲಿ ಸಾಮಾನ್ಯ, ಸುಳ್ಳು ಘೋಷಣೆ ಮಾಡಬೇಡಿ. ಚಿತ್ರಗಳನ್ನು ಜಾಹೀರಾತಿಗೆ ಮಾರುವ ಯೋಚನೆಯಿದ್ದರೆ ಲಿಖಿತ ಒಪ್ಪಿಗೆ ಬೇಕೇ ಬೇಕು. ಹೊರಡುವ ಮುನ್ನ ನಿಮ್ಮ ಹೆಸರು ಮತ್ತು ಇಮೇಲ್ ಇರುವ ಐವತ್ತು ಚೀಟಿ ಮುದ್ರಿಸಿಕೊಳ್ಳಿ, ‘ಚಿತ್ರ ಬೇಕಿದ್ದರೆ ಅಥವಾ ತೆಗೆದುಹಾಕಬೇಕಿದ್ದರೆ ತಿಳಿಸಿ’ ಎಂಬ ಸಾಲನ್ನು ಜಪಾನಿ ಬಲ್ಲ ಸಹೋದ್ಯೋಗಿಯಿಂದ ಬರೆಸಿ ಅದರಲ್ಲಿ ಸೇರಿಸಿ. ಚೀಟಿಯನ್ನು ಎರಡು ಕೈಯಲ್ಲಿ ಹಿಡಿದು ಕೊಡಿ. ಅಲ್ಲಿನ ಕನ್ವೀನಿಯೆನ್ಸ್ ಸ್ಟೋರುಗಳ ನಕಲು ಯಂತ್ರಗಳಲ್ಲಿ ಮೊಬೈಲಿನಿಂದಲೇ ಫೋಟೊ ಮುದ್ರಿಸಬಹುದು, ಖರ್ಚೂ ಕಡಿಮೆ. ಶನಿವಾರ ತೆಗೆದ ಚಿತ್ರವನ್ನು ಮುದ್ರಿಸಿ ಭಾನುವಾರ ಅದೇ ಅಂಗಡಿಗೆ ಒಯ್ದು ಕೊಟ್ಟರೆ, ಎರಡನೆಯ ವಾರ ಆ ಬೀದಿಯಲ್ಲಿ ನಿಮ್ಮ ಕೆಲಸ ಬಹಳ ಸುಲಭವಾಗುತ್ತದೆ.